ಮಗ್ಗದಕ್ಕ ಸ್ಪೀಕರ್ ಆರಿಸಿದ್ದು

ಮದುವೆಗೆ ಮುಂಚಿನಿಂದ ತಲೆ ನರೆಯುವವರೆಗೆ ಬಟ್ಟೆ ಗಿರಣಿಯಲ್ಲಿ ದುಡಿದ ಆಕೆಯನ್ನು ಬೀದಿಯವರೆಲ್ಲ ಮಗ್ಗದಕ್ಕ ಎಂದೇ ಕರೆಯುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಪಕ್ಕದಲ್ಲೇ ನಿಂತು ಕೂಗಿದರೂ ಕೇಳದು. ಅಲ್ಲಿನ ಹೆಂಗಸರು ಒಬ್ಬರ ತುಟಿ ಒಬ್ಬರು ನೋಡಿಯೇ ಊರ ಉಸಾಬರಿಯೆಲ್ಲ ಮಾತಾಡಿ ಮುಗಿಸುತ್ತಿದ್ದರು. ಕೆಲಸ ಬಿಟ್ಟ ಮೇಲೂ ಆ ವಿದ್ಯೆ ಆಕೆಗೆ ಉಳಿಯಿತು; ಕಿವಿ ಮಾತ್ರ ಕೈಕೊಟ್ಟಿತ್ತು. ಎದುರು ಕೂತವರ ಮಾತು ಪೂರ್ತಿ ಗೊತ್ತಾಗುತ್ತಿತ್ತು. ಹಿಂದಿನಿಂದ ಆಡಿದ್ದು ಗೋಡೆಗೆ ಆಡಿದಂತೆ.

ಇದನ್ನು ಆಕೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋದರೆ ಹಸುಗೂಸನ್ನು ನೋಡಿಕೊಳ್ಳುವವಳು ಅವಳೇ. ಕೂಸು ಅತ್ತದ್ದು ಅಜ್ಜಿಗೆ ಕೇಳಿಸುವುದಿಲ್ಲ ಎಂದು ತಿಳಿದರೆ ಬೇರೆಯವರ ಕೈಗೆ ಕೊಟ್ಟಾರು ಎಂಬ ದಿಗಿಲು. ಅದಕ್ಕೇ ಕೂಸು ಮಲಗಿದಷ್ಟು ಹೊತ್ತೂ ತೊಟ್ಟಿಲ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಒಳಗೆ ಮಿಸುಕಿದರೆ ಬೆರಳಿಗೆ ತಿಳಿಯುತ್ತಿತ್ತು.

ಎಡವಿದ್ದು ರೇಡಿಯೊ ವಿಷಯದಲ್ಲಿ. ಅಷ್ಟು ಜೋರಾಗಿ ಯಾಕೆ ಇಡುತ್ತೀಯ ಎಂದು ಮಗಳು ರೇಗಿದಾಗ, ಅದು ಹಳೆಯದು, ಮಾತು ನುಂಗುತ್ತದೆ ಎಂದುಬಿಟ್ಟಳು. ಅಳಿಯನಿಗೋ ಸಂಗೀತದ ಹುಚ್ಚು. ರೋಗಿ ಬಯಸಿದ್ದೇ ವೈದ್ಯ ಹೇಳಿದಂತಾಯಿತು. ಒಳ್ಳೆಯ ಸೆಟ್ ತರೋಣ, ಆರಿಸುವವರು ನೀವೇ ಅತ್ತೆ ಎಂದು ಪಟ್ಟು ಹಿಡಿದ. ಬೇಡವೆಂದರೆ ಅನುಮಾನ, ಕೂಸಿನ ಹಾಲಿನ ಚೀಲ ಹಿಡಿದು ಆಕೆ ಹೊರಟಳು; ಕೂಸನ್ನೆತ್ತಿಕೊಂಡು ಮಗಳೂ ಬಂದಳು.

ಅಂಗಡಿಯ ಮಹಡಿಯ ಮೇಲೆ ಹಾಡು ಕೇಳಿ ನೋಡುವುದಕ್ಕೆಂದೇ ಒಂದು ಕೋಣೆ. ನೆಲಕ್ಕೆ ಜಮಖಾನ, ಗೋಡೆಗೆಲ್ಲ ಸ್ಪಂಜು, ಕಿಟಕಿಗೆ ದಪ್ಪ ಪರದೆ. ಎದುರಿಗೆ ಸೊಂಟದೆತ್ತರದ ಸ್ಪೀಕರ್ ಜೋಡಿ, ಅದರ ಪಕ್ಕ ಸ್ಟ್ಯಾಂಡಿನ ಮೇಲೆ ಸಣ್ಣ ಜೋಡಿ. ಅಂಗಡಿಯವನು ಎರಡನ್ನೂ ಒಂದೇ ಆಂಪ್ಲಿಫೈಯರಿಗೆ ಸೇರಿಸಿ ಒಂದಾದ ಮೇಲೊಂದು ನುಡಿಸಿದ. ಮಗ್ಗದಕ್ಕ ಹಾಡು ಬಿಟ್ಟು ಅಳಿಯನ ಮುಖ ಕೇಳಿದಳು. ದೊಡ್ಡದು ನುಡಿದಾಗ ಅವನ ಹುಬ್ಬು ಮೇಲೇರಿತು. ದೊಡ್ಡದೇ ವಾಸಿ ಎಂದಳು. ಅಳಿಯ ಹಿಗ್ಗಿದ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಂಗಡಿಯವನು, ಗಾತ್ರ ನೋಡಿ ಕಣ್ಣು ಮೋಸ ಹೋಗುತ್ತದೆ, ಕತ್ತಲಲ್ಲಿ ಇನ್ನೊಮ್ಮೆ ಕೇಳಿ ಎಂದು ದೀಪ ಆರಿಸಿದ.

ಮುಖಗಳೆಲ್ಲ ಒಮ್ಮೆಲೇ ಇಲ್ಲವಾದವು. ಮಗ್ಗದಕ್ಕನಿಗೆ ಬಾವಿಗೆ ಇಳಿಸಿದಂತಾಯಿತು. ದೂರದಲ್ಲೆಲ್ಲೋ ಗುಂಯ್ ಎನ್ನುವ ಸದ್ದು. ಯಾವ ಜೋಡಿ, ಎಷ್ಟು ಹೊತ್ತಾಯಿತು, ಯಾರಾದರೂ ಏನಾದರೂ ಕೇಳಿದರೇ, ಒಂದೂ ತಿಳಿಯದು. ಆಗ ಸಣ್ಣಗೆ, ನೂಲಿನೆಳೆಯಂತೆ, ಒಂದು ನಾದ ಕಿವಿಗೆ ಬಿತ್ತು. ಹುಲ್ಲುಕಡ್ಡಿ ಸಿಕ್ಕಿದ ಹಾಗೆ ಅದನ್ನು ಹಿಡಿದುಕೊಂಡಳು.

"ಇದರಲ್ಲಿ ಪಿಟೀಲು ಚೆನ್ನಾಗಿ ಕೇಳ್ತಾ ಇದೆ," ಎಂದಳು.

ದೀಪ ಹತ್ತಿತು. ಹಾಡು ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು. ಪಕ್ಕದಲ್ಲೇ ಮಗಳ ಹೆಗಲ ಮೇಲೆ ಕೂಸು ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು. ಹಾಲಿನ ಬಾಟಲಿ ಕೊಡು ಎಂದು ಮಗಳು ಕತ್ತಲಲ್ಲಿ ಮೂರು ನಾಲ್ಕು ಸಲ ಕೇಳಿದ್ದಳಂತೆ.

ಅಂಗಡಿಯವನು ಮೆಲ್ಲಗೆ ಹೊರಗೆ ಹೋದ. ಅಳಿಯ ಆಕೆಯ ಎದುರು ಮೊಣಕಾಲೂರಿ, ದನಿಯೇ ತೆಗೆಯದೆ ತುಟಿಯಲ್ಲಷ್ಟೇ ಕೇಳಿದ: "ಅತ್ತೆ, ಮನೆಗೆ ಹೋಗೋಣವಾ?"

"ಹೋಗೋಣ," ಎಂದುಬಿಟ್ಟಳು ಮಗ್ಗದಕ್ಕ. ಆಡಿದ ಮೇಲೆ ತಿಳಿಯಿತು, ಸಿಕ್ಕಿಬಿದ್ದೆನೆಂದು.

ಮಗಳು ಎದುರಿಗೆ ಬಂದಳು. "ಮಗು ಅತ್ತರೆ ನಿನಗೆ ಹೇಗಮ್ಮ ಗೊತ್ತಾಗ್ತಿತ್ತು?"

"ಕೈಗೆ ಗೊತ್ತಾಗುತ್ತೆ. ತೊಟ್ಟಿಲ ಮೇಲಿನ ಕೈ ತೆಗೆದವಳಲ್ಲ ನಾನು."

"ಬಚ್ಚಲಿಗೆ ಹೋದಾಗ?"

ಮಗಳು ಕೂಸನ್ನು ಅವುಚಿಕೊಂಡು ಮೆಟ್ಟಿಲ ಹತ್ತಿರ ಹೋಗಿ ನಿಂತಳು.

ಅಳಿಯ ಮಾತ್ರ ಏಳಲಿಲ್ಲ. ಅಂಗಡಿಯವನನ್ನು ಕರೆದು, ಹಾಡು ಬೇಡ, ಬರೀ ಮಾತಿರುವುದು ಏನಾದರೂ ಹಾಕಿ ಎಂದ. ಯಾರೋ ವಾರ್ತೆ ಓದುತ್ತಿದ್ದರು. ದೊಡ್ಡ ಜೋಡಿಯಲ್ಲಿ ಅದು ಮೋಡ ಗುಡುಗಿದಂತಿತ್ತು. ಸಣ್ಣದರಲ್ಲಿ ಅಲ್ಲೊಂದು ಇಲ್ಲೊಂದು ಪದ ಬಿಡಿಸಿಕೊಂಡು ಬಂತು. ಇನ್ನು ಯಾರ ಮುಖ ನೋಡಿ ಏನು ಎಂದುಕೊಂಡು ಮಗ್ಗದಕ್ಕ ತಾನೇ ಕಣ್ಣು ಮುಚ್ಚಿದಳು.

"ಸಣ್ಣದು," ಎಂದಳು. ಅಳಿಯ ದೊಡ್ಡದರ ಕಡೆ ಒಮ್ಮೆ ಆಸೆಯಿಂದ ನೋಡಿ, ಸಣ್ಣದನ್ನೇ ಕಟ್ಟಿಸಿದ.

ಮಗಳು ರಜೆ ಹಾಕಿ ಕಿವಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಕಿವಿಗೆ ಯಂತ್ರ ಬಂತು. ಕೂಸು ಬೆಳಗಿನ ಹೊತ್ತು ಶಿಶುವಿಹಾರಕ್ಕೆ ಹೋಗತೊಡಗಿತು. ಮಧ್ಯಾಹ್ನದ ಮೇಲಷ್ಟೇ ಅಜ್ಜಿಯ ಪಾಲು, ಅದೂ ಪಕ್ಕದ ಮನೆಯಾಕೆ ಜೊತೆಗಿದ್ದರೆ. ಮಗ್ಗದಕ್ಕ ವಾದ ಮಾಡಲಿಲ್ಲ. ಬೆಳಗಿನ ಖಾಲಿ ಮನೆಯಲ್ಲಿ ಸೆಟ್ ಹಾಕಿ ಒಂದೊಂದೇ ಪದ ಹೆಕ್ಕುತ್ತಾ ಕೂರುತ್ತಿದ್ದಳು, ಕಣ್ಣು ಮಾತ್ರ ಗಡಿಯಾರದ ಮೇಲೆ.