ವಾಲಿಸದ ಸ್ಕೂಟರ್

ಕಾಲೇಜಿನಲ್ಲಿ ನಾನು ಅಣಕಿಸದೆ ಬಿಟ್ಟವರು ಯಾರೂ ಇರಲಿಲ್ಲ. ಪ್ರಿನ್ಸಿಪಾಲರ ಕೆಮ್ಮು, ಮೊಳಕಾಲ್ಮೂರು ಬಸ್ಸಿನ ಕಂಡಕ್ಟರು, ಕನ್ನಡಿ ಮುಂದೆ ಕ್ರಾಪು ತಿದ್ದುವ ನಾನು, ಎಲ್ಲರಿಗೂ ಸರದಿ ಬರುತ್ತಿತ್ತು. ಹಾಗಾಗಿ ಡಿಪ್ಲೊಮಾ ಕೊನೆಯ ವರ್ಷದ ಸೆಮಿನಾರಿಗೆ ಹಳೆಯ ವಿಮಾನಗಳ ಕಾರ್ಬುರೇಟರ್ ಎಂಬ ಒಣ ವಿಷಯ ಸಿಕ್ಕಾಗಲೂ ಹೆದರಲಿಲ್ಲ.

ತೋರಿಸಲು ಒಂದು ಕಾರ್ಬುರೇಟರ್ ಬೇಕಿತ್ತು. ಚಳ್ಳಕೆರೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಅಪ್ಪ, "ನಮ್ಮ ಸ್ಕೂಟರಿಂದೇ ಬಿಚ್ಕೊಂಡ್ ಹೋಗೋ, ನಾನು ಸೀರೆ ತರಾಕೆ ಮೊಳಕಾಲ್ಮೂರಿಗೆ ಬಸ್ಸಲ್ಲಿ ಹೋಗ್ತೀನಿ" ಎಂದರು.

ಬೋರ್ಡಿನ ಮುಂದೆ ನಿಂತು ಹೇಳಿದೆ: ರೆಕ್ಕೆಯ ಮೇಲಿನ ಟ್ಯಾಂಕಿನಿಂದ ಪೆಟ್ರೋಲು ತನ್ನ ಭಾರಕ್ಕೇ ಇಳಿದು ಕಾರ್ಬುರೇಟರಿನ ಬಟ್ಟಲಿಗೆ ಬರುತ್ತದೆ. ಬಟ್ಟಲು ತುಂಬಿದಾಗ ಫ್ಲೋಟ್ ತೇಲಿ, ಅದರ ಸೂಜಿ ದಾರಿ ಮುಚ್ಚುತ್ತದೆ. ವಿಮಾನ ತಟ್ಟನೆ ಮೂಗು ತಗ್ಗಿಸಿದರೆ ಪೆಟ್ರೋಲು ಬಟ್ಟಲಿನ ಮುಚ್ಚಳಕ್ಕೆ ಹಾರುತ್ತದೆ. ಎಂಜಿನ್ನಿಗೆ ಪೆಟ್ರೋಲು ಬಿಡುವ, ತಳದಲ್ಲಿರುವ ಜೆಟ್ ಎಂಬ ಸಣ್ಣ ತೂತಿಗೆ ಏನೂ ಸಿಗದೆ ಎಂಜಿನ್ ಕೆಮ್ಮುತ್ತದೆ.

ತೋರಿಸೋಣವೆಂದು ಬಟ್ಟಲು ತೆರೆದರೆ ಸೂಜಿಯೇ ಇಲ್ಲ. ಬೆಳಿಗ್ಗೆ ಉಜ್ಜಿ ತೊಳೆಯುವಾಗ ಮನೆಯಲ್ಲೇ ಬಿದ್ದಿರಬೇಕು.

ಅಂಥ ಹೊತ್ತಿಗೆ ನನಗೆ ಗೊತ್ತಿದ್ದುದು ಒಂದೇ ವಿದ್ಯೆ. "ನಮ್ಮಪ್ಪ ಪೈಲಟ್ ಆಗಿದ್ರೆ ಏನ್ ಮಾಡ್ತಿದ್ರು ಗೊತ್ತಾ?" ಎಂದು, ದಿನಾ ಅಂಗಡಿಗೆ ಹೊರಡುವ ಮುಂಚೆ ಮನೆ ಬಾಗಿಲಲ್ಲಿ ನಡೆಯುವುದನ್ನು ಆಡಿ ತೋರಿಸಿದೆ. ಪಂಚೆ ಎತ್ತಿ ಕಟ್ಟಿ, ಪೆಟ್ರೋಲು ಇಳಿಯಲೆಂದು ಸ್ಕೂಟರನ್ನು ಒಂದು ಪಕ್ಕಕ್ಕೆ ನೆಲ ಮುಟ್ಟುವಷ್ಟು ವಾಲಿಸಿ, ಮಲಗಿದ ಎಮ್ಮೆಯನ್ನು ಎಬ್ಬಿಸಿದಂತೆ ಎತ್ತಿ ನಿಲ್ಲಿಸಿ, ಕಿಕ್ ಹೊಡೆದು, "ಸ್ಟಾರ್ಟ್ ಆಗೇ ನಮ್ಮವ್ವಾ, ಬೋಣಿ ಹೊತ್ತು ಐತೆ" ಎಂದು ಗೋಗರೆಯುವುದು. ಆಕಾಶದಲ್ಲೂ ಅಪ್ಪ ಕೆಳಗಿಳಿದು ವಿಮಾನ ವಾಲಿಸಿದರು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಗು ತಗ್ಗಿದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದರು, ಹತ್ತಬೇಕಿದ್ದ ಮೊಳಕಾಲ್ಮೂರು ಬಸ್ಸು ಬಿಟ್ಟು ಬಂದು. ಎತ್ತಿ ಕಟ್ಟಿದ್ದ ಪಂಚೆಯನ್ನು ಮೆಲ್ಲಗೆ ಕೆಳಗೆ ಬಿಟ್ಟರು.

"ಯಾರು ಬೇಕಿತ್ತು?" ಮೇಷ್ಟ್ರು ಕೇಳಿದರು.

"ಈ ಹುಡುಗಂದು ಸೂಜಿ ಬಿದ್ದಿತ್ತು ಸಾರ್." ಸೀರೆಯ ಮಡಿಕೆಗಳ ನಡುವೆ ಇಡುವ ತೆಳು ಕಾಗದದಲ್ಲಿ ಸುತ್ತಿದ್ದನ್ನು ಚಾಚಿದರು.

"ನೀವು?"

"ಇವರಪ್ಪನ ಪಕ್ಕದ ಅಂಗಡಿಯವನು."

ಪಕ್ಕದ ಅಂಗಡಿಯವರ ಕೈಯಿಂದ ಈಸಿಕೊಂಡಂತೆಯೇ ನಾನು ಆ ಪೊಟ್ಟಣ ಈಸಿಕೊಂಡೆ. ಅವರು ಹೋದ ಮೇಲೆ ಸೂಜಿ ಹಾಕಿ ಫ್ಲೋಟ್ ಎತ್ತಿದೆ. ದಾರಿ ಮುಚ್ಚಿತು. ಮೇಷ್ಟ್ರು ಚೆನ್ನಾಗಿತ್ತು ಎಂದರು.

ಸಂಜೆ ಕಾರ್ಬುರೇಟರ್ ಜೋಡಿಸಿ ಕೊಟ್ಟೆ. ಅಪ್ಪ ಕಿಕ್ ಹೊಡೆದರು. ಸ್ಟಾರ್ಟ್ ಆಗಲಿಲ್ಲ. ಹೊಡೆಯುತ್ತಲೇ ಇದ್ದರು. ಬೆನ್ನ ಮೇಲೆ ಅಂಗಿ ಒದ್ದೆಯಾಯಿತು, ಸ್ಕೂಟರನ್ನು ಮಾತ್ರ ವಾಲಿಸಲಿಲ್ಲ.

"ಸ್ವಲ್ಪ ವಾಲಿಸ್ರಿ ಅಪ್ಪಾ."

"ಬ್ಯಾಡ ಬಿಡು, ಹಂಗೇ ಆಗುತ್ತೆ" ಎಂದರು, ನನ್ನ ಕಡೆ ತಿರುಗದೆ.

ನಾನು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಸ್ಕೂಟರ್ ನೆಲಕ್ಕೆ ತಾಗಿದ ಸದ್ದು, ಅದರ ಹಿಂದೆಯೇ ಎಂಜಿನ್ನಿನ ಸದ್ದು ಕೇಳಿಸಿತು.