ಹೆಚ್ಚೆಂದರೆ ಮೂರು ದಾರ

ಬೈಲಹೊಂಗಲದ ಕಾಲೇಜಿನ ನಮ್ಮ ಗಣಿತದ ಸರ್ ನಿಂತಲ್ಲಿ ನಿಲ್ಲುತ್ತಿರಲಿಲ್ಲ. "ಒಬ್ಬರ ಮ್ಯಾಲೇ ಭಾರ ಬ್ಯಾಡ" ಎನ್ನುತ್ತ ಬೆಂಚುಗಳ ನಡುವೆ ಓಡಾಡುತ್ತಲೇ ಇರುತ್ತಿದ್ದರು.

ಪ್ರತಿಯೊಬ್ಬರಿಗೂ ತರಗತಿಯ ಅರ್ಧದಷ್ಟಾದರೂ ಜನ ಪರಿಚಯವಿದ್ದರೆ, ಪರಿಚಯಸ್ಥರ ನಡುವೆ ಮಾತ್ರ ದಾರ ಕಟ್ಟುತ್ತ, ಯಾರ ಕೈಗೂ ಮೂರಕ್ಕಿಂತ ಹೆಚ್ಚು ದಾರ ಬರದಂತೆ ಎಲ್ಲರನ್ನೂ ಎಲ್ಲೂ ಸುತ್ತು ಬಾರದ ಒಂದೇ ಜಾಲದಲ್ಲಿ, ಗಣಿತದವರು 'ಮರ' ಎನ್ನುವುದರಲ್ಲಿ, ಸೇರಿಸಬಹುದು ಎಂಬುದು ಅಂದಿನ ಪಾಠ. ಸರ್ ದಾರದ ಉಂಡೆಯೊಂದನ್ನು ತಂದು ನಮ್ಮ ಕೈಗಳಿಗೇ ಕಟ್ಟುತ್ತ ಹೋದರು; ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನರನ್ನು ಮುಟ್ಟಿ ದಾರ ನಿಂತಿತು. ಮುನವಳ್ಳಿಯಿಂದ ಹೊಸದಾಗಿ ಬಂದಿದ್ದ ನಾನು ಹೊರಗುಳಿದೆ.

"ನಿನಗ ಎಷ್ಟ ಮಂದಿ ಗೊತ್ತದಾರ ತಂಗಿ?"

"ಯಾರೂ ಇಲ್ರಿ ಸರ್."

ಅವರು ಮೊದಲ ಬಾರಿಗೆ ನಿಂತರು. ದಾರದ ಉಂಡೆಯನ್ನು ಮೇಜಿನ ಮೇಲೆ ಒಗೆದು, ಎಲ್ಲರನ್ನೂ ಚಹಾದಂಗಡಿಗೆ ಹೊರಡಿಸಿದರು. ಮರಳಿ ಬಂದ ಮೇಲೆ ಅದನ್ನೇ ಕೇಳಿದರು.

"ಆರು ಮಂದಿರಿ ಸರ್."

ದಾರ ಈಗ ನನ್ನ ಕೈಗೂ ಬರಬಹುದಿತ್ತು. ಅವರು ಆಗಲೇ ಬಾಗಿಲು ದಾಟಿದ್ದರು.

"ಅರ್ಧ ಆಗಲಿಲ್ಲ. ನಡೀರಿ, ಇನ್ನೊಂದ ಚಾ."