ಬೂದಿ ಆಕಾಶದ ಮೀನು

ಅಮೆರಿಕದಲ್ಲಿ, ಈರಿ ಸರೋವರದ ದಂಡೆಯ ನಮ್ಮ ಈರಿ ಪಟ್ಟಣದಲ್ಲಿ ಬ್ರೋನ್ಯಾ ವಿಲ್ಚೆಕ್ ಎಂದರೆ ಎರಡು ಕಾರಣಕ್ಕೆ ಹೆಸರುವಾಸಿ. ರೈಲು ಎಂಜಿನ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತಳಾದವಳು. ಅವಳು ಹಾಕಿದ ಬೆಸುಗೆ ಬಿಟ್ಟುಕೊಂಡದ್ದನ್ನು ಕಂಡವರಿಲ್ಲ, ಅದು ಒಂದು. ಇನ್ನೊಂದು, ಪ್ರಪಂಚ ಸುಟ್ಟು ಬೂದಿಯಾದ ಮೇಲೆ ನಡೆಯುವ ಹಳೇ ಕಾಮಿಕ್ಸ್ ಕಥೆಗಳ ಹುಚ್ಚು. ಅಡುಗೆಮನೆಯಿಂದ ಬಚ್ಚಲಿನ ಬಾಗಿಲವರೆಗೆ ಅವೇ ಪೆಟ್ಟಿಗೆಗಳು. ಈ ವಯಸ್ಸಿನಲ್ಲಿ ಇದೆಂಥ ಶೋಕಿ ಎಂದು ಯಾರಾದರೂ ನಕ್ಕರೆ, "ನೀವು ಗಾಲ್ಫ್ ನೋಡ್ತೀರಿ, ನಾನೇನಾದ್ರೂ ಅಂದ್ನಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹುಚ್ಚು ಹತ್ತಿಸಿದವನು ಅಣ್ಣ ಕ್ಯಾಜ್. ಅವಳು ಇನ್ನೂ ಶಾಲೆಯಲ್ಲಿದ್ದಾಗ 'ಬತ್ತಿದ ಸರೋವರ' ಎಂಬ ಕಾಮಿಕ್ಸಿನ ಮೊದಲ ಸಂಚಿಕೆಯನ್ನು ಜಾಕೆಟ್ಟಿನೊಳಗೆ ಸುತ್ತಿಕೊಂಡು ಮನೆಗೆ ತಂದಿದ್ದ. ಅದರಲ್ಲಿ ಬಾಂಬುಗಳು ಬಿದ್ದು, ನಮ್ಮ ಈರಿ ಸರೋವರವೇ ಒಣಗಿಹೋಗಿದೆ. ಟೆಸ್ಸಾ ಎಂಬ ಹೆಂಗಸು ಹಡಗುಗಳಿಗೆ ದಾರಿ ತೋರುವ ದೀಪಸ್ತಂಭದ ದೊಡ್ಡ ದೀಪವನ್ನು ಕೈಗಾಡಿಯಲ್ಲಿ ಹೇರಿಕೊಂಡು, ಎಲ್ಲಾದರೂ ನೀರಿದ್ದೀತೇ ಎಂದು ಸರೋವರದ ತಳದಲ್ಲೇ ನಡೆಯುತ್ತಾಳೆ. ಕಥೆ ಇಷ್ಟೇ. ಆದರೆ ಚಿತ್ರಗಳು! ಅಯ್ಯೋ, ಬರೆದ ಪುಣ್ಯಾತ್ಮನ ಕೈಯೇ! ಬಣ್ಣವಿಲ್ಲ, ಬರೀ ಕಪ್ಪು ಶಾಯಿ. ಒಂದೊಂದು ಮುರಿದ ಗೋಡೆಗೂ ಕೂದಲೆಳೆಯಂಥ ಸಾವಿರ ಗೀಟು. ಒಣ ಮಣ್ಣಿನ ಬಿರುಕು ನೋಡಿದರೆ ಬಾಯಾರಿಕೆ ಆಗಬೇಕು, ಹಾಗೆ ಬರೆದಿದ್ದ.

ಆ ಕಲಾವಿದನಿಗೊಂದು ಚೇಷ್ಟೆ ಇತ್ತು. ಪ್ರತಿ ಸಂಚಿಕೆಯಲ್ಲೂ ಕಲ್ಲುಮಣ್ಣಿನ ರಾಶಿಯ ನಡುವೆ ಎಲ್ಲೋ ಒಂದು ಕಡೆ ಉಗುರಿನಷ್ಟು ಚಿಕ್ಕ ಮೀನಿನ ಅಸ್ಥಿಪಂಜರ ಅಡಗಿಸಿಡುತ್ತಿದ್ದ. ಅದನ್ನು ಹುಡುಕುವುದೇ ಓದುಗರಿಗೆ ಹಬ್ಬ. ವಿಲ್ಚೆಕ್ ಮನೆಯಲ್ಲಂತೂ ಮೊದಲು ಕಂಡವರಿಗೆ ಶುಕ್ರವಾರ ರಾತ್ರಿ ಬಾಣಲೆಯಲ್ಲಿ ಉಳಿದ ಕೊನೆಯ ಪರ್ಚ್ ಮೀನು. ಅದಕ್ಕಾಗಿ ಜುಟ್ಟು ಹಿಡಿದು ಕಿತ್ತಾಡಿದ್ದೂ ಉಂಟು.

ಇನ್ನೊಂದು ಜಗಳ ಬಗೆಹರಿದೇ ಇರಲಿಲ್ಲ. ಕೊನೆಗೆ ಸರೋವರ ತುಂಬುತ್ತದೆ ಎಂದು ಬ್ರೋನ್ಯಾ. "ಬತ್ತಿದ್ದು ಬತ್ತಿತು, ಹೋಗೇ" ಎಂದು ಕ್ಯಾಜ್. ಹನ್ನೆರಡನೆಯ ಸಂಚಿಕೆಯಲ್ಲಿ ಕಥೆ ಮುಗಿಯಬೇಕಿತ್ತು. ಅಷ್ಟರಲ್ಲಿ ಪ್ರಕಾಶಕ ಬಾಗಿಲು ಹಾಕಿಕೊಂಡ. ಅಚ್ಚಾದ ಕೆಲವೇ ಪ್ರತಿಗಳು ಎಲ್ಲೆಲ್ಲೋ ಹೋದವು, ಈರಿಗೆ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಕಾಮಿಕ್ಸ್ ಮೇಳಗಳಲ್ಲಿ ಯಾರಾದರೂ ಮುಕ್ತಾಯ ಹೇಳಲು ಬಂದರೆ ಬ್ರೋನ್ಯಾ ಎರಡೂ ಕಿವಿ ಮುಚ್ಚಿಕೊಂಡು ಜೋರಾಗಿ ಪೋಲ್ಕಾ ಕುಣಿತದ ಹಾಡು ಹಾಡುತ್ತಿದ್ದಳು. ಓದದವರಿಗೆ ಕೊನೆ ಹೇಳಬಾರದು ಎಂಬುದು ನಮ್ಮ ಕಾಮಿಕ್ಸ್ ಓದುಗರಲ್ಲಿ ಕಟ್ಟುನಿಟ್ಟು. ಹೇಳಿದವನ ಜೊತೆ ಯಾರೂ ಕಾಫಿ ಕುಡಿಯುವುದಿಲ್ಲ.

ಹೀಗೇ ಇಬ್ಬರಿಗೂ ವಯಸ್ಸಾಯಿತು. ಈ ವಸಂತದಲ್ಲಿ ಕ್ಯಾಜ್‌ನ ಕಣ್ಣು ಕೆಟ್ಟಿತು. ಪೂರ್ತಿ ಕತ್ತಲಲ್ಲ, ನೋಡಿದ ಕಡೆ ನಡುವೆ ಒಂದು ಮಸಿ ಮಚ್ಚೆ, ಸುತ್ತ ಮಾತ್ರ ಮಸುಕು ಮಸುಕು. "ಟೀವಿಲಿ ಯಾರಿಗೂ ತಲೇನೇ ಇಲ್ಲ ಕಣೇ. ಚುನಾವಣೆ ಟೈಮಲ್ಲಿ ಅದೂ ಒಳ್ಳೇದೇ" ಎಂದು ಅವನೇ ನಗಿಸಿದ. ಬರುವ ಚಳಿಗಾಲದ ಹೊತ್ತಿಗೆ ಚಿತ್ರ ನೋಡುವುದು ಕಷ್ಟ ಎಂದು ಡಾಕ್ಟರು ಹೇಳಿದ ದಿನವೇ ಬ್ರೋನ್ಯಾ ಮನಸ್ಸು ಗಟ್ಟಿಮಾಡಿದಳು. ಅಣ್ಣ ಕೊನೆಯ ಸಂಚಿಕೆ ನೋಡಲೇಬೇಕು. ಸಿಗುತ್ತದೋ ಇಲ್ಲವೋ ಎಂಬ ಅನುಮಾನ ಅವಳಿಗೆ ಬರಲೇ ಇಲ್ಲ.

ಸಿಕ್ಕಿತು. ಅಕ್ಟೋಬರಿನಲ್ಲಿ, ಅಗ್ನಿಶಾಮಕ ದಳದ ಹಾಲ್‌ನಲ್ಲಿ ನಡೆಯುವ ನಮ್ಮ ಮೇಳದಲ್ಲಿ, ವ್ಯಾಪಾರಿ ರೋಲಂಡ್ ಫಿಚ್‌ನ ಮೇಜಿನ ಮೇಲೆ. ಆದರೆ ಹೇಗೆ? ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ, ನಾಲ್ಕೂ ಕಡೆ ಸೀಲಾಗಿ, ಪ್ರತಿ ಎಷ್ಟು ಹೊಸತಾಗಿ ಉಳಿದಿದೆ ಎಂದು ಪರೀಕ್ಷಕರು ಕೊಟ್ಟ ಅಂಕದ ಚೀಟಿಯನ್ನು ಮೇಲೆ ಹೊತ್ತು. ಸೀಲು ಇದ್ದರೆ ಬೆಲೆ, ಒಡೆದರೆ ಮಣ್ಣು. ಕೊಂಡವರು ಹೊದಿಕೆ ನೋಡುತ್ತಾ ಕೂರಬೇಕು, ಅಷ್ಟೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

"ದುಡ್ಡು ಬೇಡ ಬ್ರೋನ್ಯಾ," ಎಂದ ಫಿಚ್. "ನಿನ್ನ ಒಲೆ ಮೇಲೆ ತೂಗುಹಾಕಿದೀಯಲ್ಲ, ಆ ಮೂಲ ಚಿತ್ರ, ಅದು ಕೊಡು."

ಟೆಸ್ಸಾ ದೀಪ ಹಚ್ಚುವ ಪುಟ ಅದು, ಕಲಾವಿದನ ಕೈಯಿಂದಲೇ ಬಂದ ಹಾಳೆ. ದಿನಾ ಬೆಳಗ್ಗೆ ಕಾಫಿ ಕಾಯುವಷ್ಟು ಹೊತ್ತು ಅವಳು ನೋಡುತ್ತಿದ್ದದ್ದು ಅದನ್ನೇ. ಆದರೂ ಮನೆಗೆ ಹೋಗಿ ತಂದು ಅವನ ಕೈಗಿಟ್ಟಳು. ಡಬ್ಬಿ ತೆಗೆದುಕೊಂಡವಳೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದಳು.

"ಏ ಏ ಏ! ಏನು ಮಾಡ್ತಿದೀಯ? ತಲೆ ಕೆಟ್ಟಿದೆಯಾ ನಿಂಗೆ?"

"ಓದ್ತೀನಿ ಕಣಪ್ಪಾ. ಪುಸ್ತಕ ಅಲ್ವಾ ಇದು?"

ಮೂಲೆಯಲ್ಲಿ ಒಂದು ಮೀಟು. ಟಕ್! ಇಡೀ ಹಾಲ್ ತಿರುಗಿ ನೋಡಿತು. ಫಿಚ್ ತನ್ನ ಮಗುವೇ ಬಿದ್ದಂತೆ ಎದೆ ಹಿಡಿದುಕೊಂಡ. ಹಿಂದಿನ ಮೇಜುಗಳಲ್ಲಿ ಕೂತಿದ್ದ ಓದುಗರು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಕ್ಯಾಜ್‌ನ ಅಡುಗೆಮನೆಯಲ್ಲಿ ಇಬ್ಬರೂ ಕೂತರು. ಅವಳು ಮಾತುಗಳನ್ನು ಓದಿದಳು, ಅವನು ಮುಖ ವಾರೆ ಮಾಡಿ ಮಾಡಿ ಕಂಡಷ್ಟನ್ನು ಕಂಡ. ಕೊನೆಯ ಎರಡು ಪುಟ ಸೇರಿಸಿ ಒಂದೇ ಚಿತ್ರ. ಒಂದು ಮಾತೂ ಇಲ್ಲ. ಟೆಸ್ಸಾ ದಂಡೆಯ ಬಂಡೆ ಹತ್ತಿ ನಿಂತಿದ್ದಾಳೆ. ಕೆಳಗೆ ಪಾಳುಬಿದ್ದ ಊರು, ಮೇಲೆ ಹನ್ನೊಂದು ಸಂಚಿಕೆಗಳಲ್ಲೂ ಇದ್ದ ಅದೇ ಬೂದಿ ಆಕಾಶ.

"ನೀರು?" ಎಂದ ಕ್ಯಾಜ್.

"ಇಲ್ಲ."

"ಹೇಳಿರ್ಲಿಲ್ವಾ ನಾನು? ಹೋಗ್ಲಿ, ಮೀನು ಎಲ್ಲಿದೆ?"

ಬ್ರೋನ್ಯಾ ಭೂತಗನ್ನಡಿ ಹಿಡಿದು ಇಟ್ಟಿಗೆ ಇಟ್ಟಿಗೆಯನ್ನೂ ಜಾಲಾಡಿದಳು. ಮುರಿದ ಕಿಟಕಿ, ಮಗುಚಿದ ದೋಣಿ, ಕಂಬದ ಸಂದು ಎಲ್ಲ ನೋಡಿದಳು. ಮತ್ತೆ ಮೊದಲ ಪುಟದಿಂದ ನೋಡಿದಳು. ಇಲ್ಲ. ಎಲ್ಲ ಸಂಚಿಕೆಯಲ್ಲೂ ಇದ್ದ ಮೀನು ಇದರಲ್ಲೇ ಇಲ್ಲ. ತನ್ನ ಮನೆಯ ಒಲೆಯ ಮೇಲಿನ ಖಾಲಿ ಗೋಡೆ ನೆನಪಾಯಿತು. ಅಣ್ಣ ನೋಡುವ ಕಟ್ಟಕಡೆಯ ಸಂಚಿಕೆ, ಅದೂ ಅವನನ್ನು ಹೀಗೆ ಬರಿಗೈಯಲ್ಲಿ ಕಳಿಸಬೇಕೇ?

"ಮರೆತುಬಿಟ್ಟಿದಾನೆ ಕಣೋ ಪಾಪಿ," ಎಂದಳು.

"ಅವನು ಮರೆಯೋನಲ್ಲ. ಎದ್ದು ಕಿಟಕಿ ಹತ್ರ ಹೋಗು. ಬಿಚ್ಚಿ ಹಿಡಿ. ಇನ್ನೂ ದೂರ."

ಹಿಡಿದಳು. ಕ್ಯಾಜ್ ಗೋಡೆಯ ಕಡೆ ಮುಖ ತಿರುಗಿಸಿ, ಓರೆಗಣ್ಣಿನಲ್ಲಿ ಸುಮ್ಮನೆ ನೋಡಿದ. ಆಮೇಲೆ ಮೇಜು ಗುದ್ದಿ ನಗತೊಡಗಿದ.

"ಆ ಕನ್ನಡಿ ಬಿಸಾಕೇ ಕತ್ತೆ! ನಂಗೆ ಇಟ್ಟಿಗೆ ಕಾಣಲ್ಲ, ಗೋಡೆ ಕಾಣಲ್ಲ. ಮೀನು ಬಿಟ್ಟು ಬೇರೇನೂ ಕಾಣ್ತಾ ಇಲ್ಲ. ಆಕಾಶ ನೋಡು!"

ಅವಳು ಪುಸ್ತಕವನ್ನು ಕಿಟಕಿಗೆ ಒರಗಿಸಿ ಹಿಂದೆ ಹಿಂದೆ ನಡೆದು ಬಾಗಿಲಿಗೆ ಬೆನ್ನು ಹಚ್ಚಿದಳು. ಎರಡು ಪುಟದ ಉದ್ದಕ್ಕೂ ಮಲಗಿತ್ತು ಮೀನು. ಚಿಮಣಿಗಳ ಮೇಲೆ ಬಾಲ, ಮೋಡ ಸೀಳಿದ ಕಡೆ ಕಣ್ಣು. ಅಸ್ಥಿಪಂಜರವಲ್ಲ, ಮೈತುಂಬಿಕೊಂಡ ಮೀನು. ಅದರ ಹೊಟ್ಟೆಯಿಂದ ಊರಿನ ಮೇಲೆ ಓರೆ ಓರೆಯಾಗಿ ಗೀಟುಗಳು ಇಳಿದಿದ್ದವು. ಅವನ್ನು ಅವಳು ಬರೀ ನೆರಳಿನ ಗೀಟು ಎಂದುಕೊಂಡಿದ್ದಳು.

"ಕ್ಯಾಜ್... ಮಳೆ ಕಣೋ. ಅದು ಮಳೆಮೋಡ!"

"ಗೊತ್ತಾಯ್ತು, ಗೊತ್ತಾಯ್ತು. ಸರೋವರ ತುಂಬುತ್ತೆ. ಇಷ್ಟು ವರ್ಷದ ವಾದ ನೀನೇ ಗೆದ್ದೆ, ಸಮಾಧಾನವಾಯ್ತಾ?" ಅವನ ಆ ಕೆಟ್ಟ ಕಣ್ಣುಗಳಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಆದ್ರೆ ಮೀನು ಮೊದಲು ಕಂಡೋನು ನಾನು. ನೆನಪಿದೆ ತಾನೇ? ಹೋಗಿ ಪರ್ಚ್ ತಗೊಂಡು ಬಾ, ಬಾಣಲೆ ಇಡು."

ಬ್ರೋನ್ಯಾ ಮೂಗೊರೆಸಿಕೊಂಡು, ಕಾರಿನ ಬೀಗದಕೈ ತೆಗೆದುಕೊಂಡು ಮೀನಿನ ಅಂಗಡಿಗೆ ಹೋದಳು. ಆ ರಾತ್ರಿ ಕೊನೆಯ ಮೀನನ್ನು ಕ್ಯಾಜ್ ಒಂದು ತುಣುಕೂ ಕೊಡದೆ ಒಬ್ಬನೇ ತಿಂದ.